ತವರಿಗೆ ಹೋದ ಬಸುರಿ ಯಾರ ಊರಿನವಳು?

ನನ್ನ ಬೀಳ್ಕೊಡುಗೆಯ ದಿನ ಪರಿಚಯ ಭಾಷಣ ಮಾಡಿದವರು ನಾನು ಕೂತೆದ್ದ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರು. ಉಪನ್ಯಾಸಕಿ, ಪ್ರಾಧ್ಯಾಪಕಿ, ಪ್ರಾಚಾರ್ಯೆ, ಆ ಸಮಿತಿಯ ಸದಸ್ಯೆ, ಈ ಮಂಡಳಿಯ ಅಧ್ಯಕ್ಷೆ. ಕೇಳುತ್ತ ಕೇಳುತ್ತ ನನಗೇ ತೂಕಡಿಕೆ ಬಂತು. ಪಕ್ಕದಲ್ಲಿದ್ದ ನಮ್ಮ ಯಜಮಾನರು ಮೊಣಕೈಯಿಂದ ತಿವಿದು, "ನಿಂದs ಸುದ್ದಿ ನಡದೈತಿ, ಜರಾ ಎಚ್ಚರಿರು" ಎಂದರು. ಸಭೆ ಮುಗಿದ ಮೇಲೆ ಹೊಸದಾಗಿ ಸೇರಿದ ಇಬ್ಬರು ಉಪನ್ಯಾಸಕಿಯರು ಬಂದು, "ಮೇಡಂ, ಹುದ್ದೆ ಎಲ್ಲಾ ಗೊತ್ತಾತ್ರಿ. ಕೆಲಸ ಹೆಂಗಿತ್ತು ಅನ್ನೂದನ್ನ ಯಾವಾಗರೆ ಬರೀರಿ" ಎಂದು ಕೇಳಿದರು. ಈ ಬರಹ ಅವರಿಬ್ಬರಿಗಾಗಿ. ಹುದ್ದೆಗಳ ಸುದ್ದಿ ಇದರಲ್ಲಿ ಇಲ್ಲ.

ನನ್ನ ತವರು ರಾಮದುರ್ಗ ತಾಲೂಕಿನ ಕಟಕೋಳ. ಅಪ್ಪ ಲಾರಿ ಓಡಿಸುತ್ತಿದ್ದರು. ಕೊಟ್ಟ ಮನೆ ಬೈಲಹೊಂಗಲದಲ್ಲಿ, ಅವರದು ಬಳೆ ಅಂಗಡಿ. ಹೊಸಿಲ ಒಳಗೆ ಉರ್ದು, ಹೊಸಿಲು ದಾಟಿದರೆ ಕನ್ನಡ ಎಂದು ಬೆಳೆದವಳು ನಾನು. ವೈದ್ಯಕೀಯ ಓದಿ ಸಮುದಾಯ ಆರೋಗ್ಯ ವಿಭಾಗಕ್ಕೆ ಸೇರಿದಾಗ ನಮ್ಮ ಅತ್ತೆಯವರಿಗೆ ಬಹಳ ನಿರಾಸೆಯಾಗಿತ್ತು. ಅಂಗಡಿಗೆ ಬಂದವರೆಲ್ಲ ಸೊಸೆಯ ಹತ್ತಿರ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳಬಹುದು ಎಂದು ಅವರು ಎಣಿಸಿದ್ದರು. "ಊರ ಊರ ತಿರುಗಿ ಮಂದಿ ಮನ್ಯಾಗ ಎಷ್ಟ ಮಕ್ಕಳು ಅಂತ ಕೇಳಾಕ ಡಾಕ್ಟರ್ ಯಾಕ ಬೇಕು?" ಎಂದು ಕೇಳಿದ್ದರು. ಪ್ರಶ್ನೆ ತಪ್ಪೇನಲ್ಲ. ಉತ್ತರ ಸಿಗಲು ನನಗೆ ಬಹಳ ದಿನ ಬೇಕಾದವು.

ನಮ್ಮ ವಿಭಾಗದ ಮುಖ್ಯಸ್ಥರು ದೇಶಪಾಂಡೆ ಸರ್. ಮುಂಗೋಪಿ. ಬಿಳಿ ಅಂಗಿಯ ಇಸ್ತ್ರಿ ಮುರಿಯಬಾರದು, ಕೋಷ್ಟಕದಲ್ಲಿ ಒಂದು ಮನೆಯೂ ಖಾಲಿ ಇರಬಾರದು. ವಿದ್ಯಾರ್ಥಿಗಳಿಗೆ ಬೈದರೆ ಕಾರಿಡಾರಿನ ಆ ತುದಿಗೂ ಕೇಳಿಸುತ್ತಿತ್ತು. ಬೈದ ಮೇಲೆ ಅದೇ ಹುಡುಗನನ್ನು ಕರೆದು ಗಿರಮಿಟ್ಟು ತಿನ್ನಿಸುತ್ತಿದ್ದರು. ಹೆಣ್ಣುಮಗಳು, ಅದರಲ್ಲೂ ಮುಸಲ್ಮಾನರ ಮನೆಯವಳು, ಹಳ್ಳಿ ತಿರುಗುವ ಕೆಲಸಕ್ಕೆ ಬರುತ್ತಾಳೋ ಇಲ್ಲವೋ ಎಂದು ಬೇರೆಯವರು ಪಿಸುಗುಟ್ಟುತ್ತಿದ್ದಾಗ ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿನಗ ಬಸ್ಸಿನ್ಯಾಗ ವಾಂತಿ ಆಗತೈತೇನು?" ಇಲ್ಲ ಎಂದೆ. "ಹಂಗಾರ ನಾಳೆ ಸವದತ್ತಿಗೆ ನಡಿ" ಎಂದರು. ಆ ದಿನದಿಂದ ಅವರ ಋಣ ನನ್ನ ಮೇಲಿದೆ.

ಸವದತ್ತಿ ತಾಲೂಕಿನ ಹಳ್ಳಿಗಳಲ್ಲಿ ಬಸುರಿಯರ ಆರೋಗ್ಯದ ಸಮೀಕ್ಷೆ ನಮ್ಮ ಮೊದಲ ದೊಡ್ಡ ಕೆಲಸ. ಮನೆಮನೆಗೆ ಹೋಗಿ ಆ ಮನೆಯ ಸೊಸೆಯಂದಿರಲ್ಲಿ ಬಸುರಿಯರು ಯಾರು, ಎಷ್ಟನೇ ತಿಂಗಳು, ರಕ್ತ ಎಷ್ಟಿದೆ ಎಂದು ಬರೆದುಕೊಳ್ಳಬೇಕು. ಲೆಕ್ಕ ಎರಡು ಸಲ ಆಗಬಾರದೆಂದು ಸರ್ ಒಂದು ಕಟ್ಟಪ್ಪಣೆ ಮಾಡಿದ್ದರು: ಬಂದು ಹೋಗುವ ನೆಂಟರನ್ನು ಬರೆದುಕೊಳ್ಳುವಂತಿಲ್ಲ. ನಾವೂ ಶಿಸ್ತಿನ ಸಿಪಾಯಿಗಳಂತೆ ಹಾಗೇ ಮಾಡಿದೆವು. ಚಳಿಗಾಲವೆಲ್ಲ ತಿರುಗಿ ಬಂದು ಕೋಷ್ಟಕ ಹಾಕಿದರೆ ಒಂದು ವಿಚಿತ್ರ ಕಂಡಿತು. ಚೊಚ್ಚಲ ಬಸುರಿಯರು ಮೂರು ತಿಂಗಳಿನವರು ಇದ್ದಾರೆ, ಐದು ತಿಂಗಳಿನವರು ಇದ್ದಾರೆ, ಎಂಟು ಒಂಬತ್ತರವರು ಇಲ್ಲವೇ ಇಲ್ಲ. ಏಳನೇ ತಿಂಗಳ ಆಸುಪಾಸಿನಲ್ಲಿ ಮೊದಲ ಬಸಿರುಗಳೆಲ್ಲ ಎಲ್ಲಿ ಹೋಗುತ್ತಿವೆ?

ಸರ್ ಮುಖ ಕಪ್ಪಿಟ್ಟಿತು. ಗರ್ಭ ನಿಲ್ಲುತ್ತಿಲ್ಲ, ನೀರಿನಲ್ಲಿ ಏನೋ ಇದೆ ಎಂದು ತೀರ್ಮಾನಿಸಿದರು. ಬಾವಿ ಬಾವಿಯ ನೀರು ಪರೀಕ್ಷೆ ಮಾಡಬೇಕೆಂದು ಯೋಜನೆ ತಯಾರಾಯಿತು, ಗಾಜಿನ ಬಾಟಲಿಗಳು ಪೆಟ್ಟಿಗೆಗಟ್ಟಲೆ ಬಂದವು. ವಿಭಾಗದ ಸಭೆಯಲ್ಲಿ ಆ ಕೋಷ್ಟಕವನ್ನು ಗೋಡೆಯ ಮೇಲೆ ತೋರಿಸಿ ವಿವರಿಸುವ ಕೆಲಸ ನನ್ನದು. ವಿವರಿಸಿದೆ. ಆಗ ನಾನೇ ಏಳು ತಿಂಗಳ ಚೊಚ್ಚಲ ಬಸುರಿ. ನನ್ನ ಹೊಟ್ಟೆಯ ನೆರಳು ಕೋಷ್ಟಕದ ಖಾಲಿ ಜಾಗದ ಮೇಲೆಯೇ ಬೀಳುತ್ತಿತ್ತು. ಸಭೆಯಲ್ಲಿದ್ದ ಒಬ್ಬರಿಗೂ, ನನಗೂ, ಏನೂ ಹೊಳೆಯಲಿಲ್ಲ. ಓದು ಹೆಚ್ಚಾದರೆ ಕಣ್ಣಿಗೆ ಪರದೆ ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಸುಳ್ಳಲ್ಲ.

ಮರುವಾರ ಬೈಲಹೊಂಗಲದ ಮನೆಯಲ್ಲಿ ಏಳನೇ ತಿಂಗಳ ಕಾರ್ಯ ನಡೆಯಿತು. ಓಣಿಯ ಲಿಂಗಾಯತರ ಮನೆಗಳಲ್ಲಿ ಅದನ್ನು ಕುಬಸ ಅನ್ನುತ್ತಾರೆ. ನಮ್ಮಲ್ಲಿ ಹೆಸರು ಬೇರೆ, ಹಸಿರು ಬಳೆ, ಹೊಸ ಸೀರೆ, ಉಡಿ ತುಂಬುವುದು ಎಲ್ಲ ಒಂದೇ. ಅಮ್ಮ ಕಟಕೋಳದಿಂದ ಬಂದು ನನ್ನನ್ನು ಕರೆದುಕೊಂಡು ಹೋದರು. ಮೊದಲ ಹೆರಿಗೆ ತವರಿನಲ್ಲಿ. ಅದು ಯಾರೂ ಬರೆದಿಟ್ಟ ಕಾನೂನಲ್ಲ, ಆದರೂ ನಮ್ಮ ಕಡೆ ಅದನ್ನು ಮುರಿದವರಿಲ್ಲ.

ಕಟಕೋಳದಲ್ಲಿ ಆಗ ಸುಮಿತ್ರಾ ಎಂಬ ಆರೋಗ್ಯ ಕೇಂದ್ರದ ಸಿಸ್ಟರ್ ಇದ್ದರು. ವಾರಕ್ಕೊಮ್ಮೆ ಚೀಲ ಹೆಗಲಿಗೇರಿಸಿ ನಮ್ಮ ಓಣಿಗೆ ಬರುತ್ತಿದ್ದರು. ಎದುರು ಮನೆಯ ಸೊಸೆಯನ್ನು ನೋಡುತ್ತಿದ್ದರು, ಮೂಲೆ ಮನೆಯ ಸೊಸೆಯನ್ನು ನೋಡುತ್ತಿದ್ದರು, ನಮ್ಮ ಮನೆ ಮುಂದೆ ಬಂದಾಗ "ಆರಾಮ ಅದೀರೇನ್ರಿ ಡಾಕ್ಟರಬಾಯಾರ?" ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಒಂದು ದಿನ ತಡೆದು ಕೇಳಿದೆ.

"ಸಿಸ್ಟರ್, ನನ್ನನ್ಯಾಕ ನೋಡಂಗಿಲ್ರಿ ನೀವು?"

"ನೀವು ಬೈಲಹೊಂಗಲದವ್ರಲ್ರಿ. ನಿಮ್ಮ ಲೆಕ್ಕ ಅಲ್ಲಿರತೈತಿ. ನಾ ಬರಕೊಂಡ್ರ ಎರಡ ಸಲ ಆಗತೈತಂತ ನಮ್ಮ ಮ್ಯಾಲಿನವರು ಬೈತಾರ."

"ಬೈಲಹೊಂಗಲದ ಸಿಸ್ಟರ್ ನನ್ನ ಹೆಸರ ಮುಂದ ಏನ ಬರದಿರತಾರು?"

"ತವರಿಗೆ ಹೋಗ್ಯಾಳ ಅಂತ ಬರದಿರತಾರ್ರಿ, ಮತ್ತೇನು."

ಅಷ್ಟು ಕೇಳಿದ್ದೇ ತಡ, ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಗತೊಡಗಿದ ನನ್ನನ್ನು ನೋಡಿ ಅಮ್ಮ ಅಡುಗೆಮನೆಯಿಂದ ಗಾಬರಿಯಾಗಿ ಓಡಿ ಬಂದರು. ನಮ್ಮ ಓಣಿಯಲ್ಲೇ ಹೆರಿಗೆಗೆ ಬಂದ ಹೆಣ್ಣುಮಕ್ಕಳು ನಾಲ್ಕೈದು ಮಂದಿ ಇದ್ದರು. ಎಲ್ಲರೂ ತುಂಬು ಬಸುರಿಯರು, ಎಲ್ಲರದೂ ಮೊದಲನೆಯದು. ಸವದತ್ತಿಯಲ್ಲಿ ಕಾಣೆಯಾದ ಬಸುರಿಯರು ಹೀಗೆ ಊರೂರಿನ ತವರುಗಳಲ್ಲಿ ಕಾಲು ಚಾಚಿಕೊಂಡು ಕೂತಿದ್ದರು! ಸವದತ್ತಿಯ ಹಳ್ಳಿಗಳಿಗೆ ಹೆರಿಗೆಗೆಂದು ಬಂದಿದ್ದವರನ್ನು ನಾವೂ ನೆಂಟರೆಂದು ಬಿಟ್ಟು ಬಂದಿದ್ದೆವು.

ನಗು ನಿಂತ ಮೇಲೆ ಸುಮಿತ್ರಾ ಸಿಸ್ಟರ್ ಚಹಾ ಕುಡಿಯಲು ಕೂತರು. ಕೂತವರ ಕಣ್ಣು ನನ್ನ ಪಾದದ ಮೇಲೆ ಬಿತ್ತು. "ಕಾಲು ಯಾಕ ಹಿಂಗ ಬಾತಾವ್ರಿ?" ಎಂದರು. ನಾನು, ಕಲಿತ ಡಾಕ್ಟರು, "ಬ್ಯಾಸಗಿ ನೋಡ್ರಿ, ಅದಕ್ಕ" ಎಂದೆ. ಎರಡು ದಿನದಿಂದ ಇದ್ದ ತಲೆನೋವನ್ನೂ ಬಿಸಿಲಿನ ಲೆಕ್ಕಕ್ಕೆ ಹಾಕಿದ್ದೆ. ಅವರು ಚೀಲದಿಂದ ಬಿ.ಪಿ. ಯಂತ್ರ ತೆಗೆದರು. "ನಿಮ್ಮನ್ನ ಬರಕೊಳ್ಳಾಕ ಬರಂಗಿಲ್ಲ. ನೋಡಾಕ ಯಾರು ಬ್ಯಾಡ ಅಂತಾರು?" ಎಂದರು. ಪಟ್ಟಿ ಬಿಗಿದು, ಇಳಿಸಿ, ಮತ್ತೊಮ್ಮೆ ಬಿಗಿದರು. ಬಿ.ಪಿ. ಅಪಾಯದ ಮಟ್ಟಕ್ಕೇರಿತ್ತು. ಆಮೇಲೆ ಚಹಾ ಅಲ್ಲೇ ಬಿಟ್ಟು ಎದ್ದು ಪಕ್ಕದ ಮನೆಯವರ ಜೀಪು ಮಾಡಿಸಿದರು. ಆಸ್ಪತ್ರೆಯವರೆಗೂ ನನ್ನ ಜೊತೆ ಬಂದರು. ಮಗಳು ಅವಸರದಿಂದ, ಸಣ್ಣ ಜೀವವಾಗಿ ಹುಟ್ಟಿದಳು. ಇಬ್ಬರೂ ಉಳಿದೆವು. ಒಂದು ದಿನ ತಡವಾಗಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ ಎಂದು ಅಲ್ಲಿನ ಡಾಕ್ಟರು ಆಮೇಲೆ ಹೇಳಿದರು. ಸುಮಿತ್ರಾ ಸಿಸ್ಟರ್ ಇಂದಿಗೂ ಪ್ರತಿ ಈದಿಗೆ ನಮ್ಮ ಮನೆಗೆ ಬರುತ್ತಾರೆ, ಶೀರ್‌ಕುರ್ಮಾ ಕುಡಿದು, ಸಕ್ಕರೆ ಜಾಸ್ತಿ ಆಯಿತೆಂದು ಬೈದು ಹೋಗುತ್ತಾರೆ.

ದೇಶಪಾಂಡೆ ಸರ್ ಮಗುವನ್ನು ನೋಡಲು ಕಟಕೋಳಕ್ಕೇ ಬಂದರು. ನಾನು ನಡೆದದ್ದನ್ನು ಹೇಳಿದೆ. ಅವರು ಸಿಟ್ಟಾಗುತ್ತಾರೆಂದು ಅಳುಕಿತ್ತು. ಅವರು ಮಗುವನ್ನು ಬಗ್ಗಿ ನೋಡಿ, "ನಾ ಎಲ್ಲಿ ಹುಟ್ಟೇನಿ ಗೊತ್ತೇನು?" ಎಂದರು. "ರಾಮದುರ್ಗದಾಗ. ನಮ್ಮ ಅವ್ವನ ತವರುಮನ್ಯಾಗ. ವಿಭಾಗದಾಗ ಇದ್ದವರು ಒಬ್ಬರರೆ ಅಪ್ಪನ ಊರಾಗ ಹುಟ್ಟಿದವರು ಅದಾರೇನು? ಕೇಳಿ ನೋಡು." ಕೇಳಿ ನೋಡಿದೆ. ಚೊಚ್ಚಲ ಮಕ್ಕಳಲ್ಲಿ ಒಬ್ಬರೂ ಇರಲಿಲ್ಲ. ಸರ್ ಬಾಟಲಿಗಳನ್ನು ವಾಪಸು ಕಳಿಸಿದರು. ಆಮೇಲೆ ಪ್ರಕಟಿಸಿದ ವರದಿಯ ಮೊದಲ ಪ್ಯಾರಾದಲ್ಲೇ ನಮ್ಮ ತಪ್ಪನ್ನು ಮುಚ್ಚುಮರೆಯಿಲ್ಲದೆ ಬರೆದರು, ಅಪ್ಪಣೆ ಕೊಟ್ಟವನು ತಾನು ಎಂದೂ ಬರೆದರು. ಅಂಥ ಮೇಲಧಿಕಾರಿ ಮೊದಲ ಕೆಲಸದಲ್ಲೇ ಸಿಕ್ಕಿದ್ದು ನನ್ನ ಪುಣ್ಯ.

ಮುಂದೆ ನನ್ನ ವೃತ್ತಿಯಲ್ಲಿ ಏನೇನೋ ಕೆಲಸಗಳು ಬಂದವು, ಆದರೆ ನಾನು ಬೆನ್ನು ಬಿಡದೆ ಹಿಡಿದದ್ದು ಇದೊಂದನ್ನೇ. ಗಂಡನ ಊರಿನ ಪಟ್ಟಿಯಲ್ಲಿ "ಹೋಗ್ಯಾಳ", ತವರಿನ ಪಟ್ಟಿಯಲ್ಲಿ "ನಮ್ಮಾಕಿ ಅಲ್ಲ". ಹೆರಿಗೆ ಹತ್ತಿರ ಬಂದ, ಅಪಾಯ ಹೆಚ್ಚಿದ ಎರಡು ತಿಂಗಳು ಆಕೆ ಯಾರಿಗೂ ಸೇರಿದವಳಲ್ಲ. ಎಲ್ಲರ ಮನೆ ಮುಂದೆ ಕಟಕೋಳದಲ್ಲಿ ಹಾದಂತೆ ಒಬ್ಬ ಸುಮಿತ್ರಾ ಸಿಸ್ಟರ್ ಹಾಯುವುದಿಲ್ಲ. ಹಾಯ್ದರೂ ಒಳಗೆ ಕರೆದು ಚಹಾ ಕೊಡುವವರು ಇರಬೇಕಲ್ಲ. ಅದೃಷ್ಟದಿಂದ ಉಳಿದವಳು ಸುಮ್ಮನೆ ಕೂರಬಾರದು ಎಂದು ನನಗೆ ಅನ್ನಿಸಿತು.

ನಾನು ಕೇಳುತ್ತಿದ್ದದ್ದು ಸಣ್ಣದು. ಲೆಕ್ಕ ಗಂಡನ ಊರಿನದೇ ಇರಲಿ, ಆಕೆ ಹೊರಡುವಾಗ ಅಲ್ಲಿನ ಸಿಸ್ಟರ್ ತವರಿನ ಸಿಸ್ಟರಿಗೆ ತಿಳಿಸಲಿ, ಇವರು ಆಕೆಯನ್ನು ನೋಡಿಕೊಳ್ಳಲಿ. ಕೇಳಿದವರೆಲ್ಲ ಒಪ್ಪುತ್ತಿದ್ದರು, ಒಪ್ಪಿ ಕಡತವನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಎರಡು ಕಡೆ ಹೆಸರು ಬಂದರೆ ಲೆಕ್ಕ ಕೆಡುತ್ತದೆ ಎಂಬ ಭಯ ಒಬ್ಬರಿಗೆ. ಆಕೆ ಯಾವಾಗ ಹೋಗುತ್ತಾಳೆಂದು ಸಿಸ್ಟರಿಗೆ ಹೇಗೆ ಗೊತ್ತಾಗಬೇಕು ಎಂಬ ಪ್ರಶ್ನೆ ಇನ್ನೊಬ್ಬರದು. ನೀವು ಈ ಕ್ಷೇತ್ರಕ್ಕೆ ಬರುವವರು ಒಂದು ಮಾತು ನೆನಪಿಡಿ: ಇಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಬೇರೆ ಕೆಲಸ ಇರುತ್ತದೆ. ಹತ್ತು ಸಲ ಹೋದರೆ ಹನ್ನೊಂದನೇ ಸಲ ಕುರ್ಚಿ ತೋರಿಸುತ್ತಾರೆ.

ಅಷ್ಟರಲ್ಲಿ ಬೈಲಹೊಂಗಲದಲ್ಲಿ ನರ್ಸಿಂಗ್ ಕಾಲೇಜಿನ ಪ್ರಾಚಾರ್ಯೆಯಾದೆ. ಮಂದಿ ಕೇಳದಿದ್ದರೆ ಬೇಡ, ನನ್ನ ವಿದ್ಯಾರ್ಥಿನಿಯರು ಕೇಳಲೇಬೇಕಲ್ಲ. ಕಿತ್ತೂರು ಕಡೆಯ ಹಳ್ಳಿಗಳಲ್ಲಿ ಅವರನ್ನು ಇರಿಸಿ, ಊರಿನಲ್ಲಿ ಕುಬಸ ಎಲ್ಲಿದೆಯೋ ಅಲ್ಲಿಗೆ ಹೋಗಿ ಎಂದೆ. ಕುಬಸ ಎಂದರೆ ಆಕೆ ಹೊರಡುವ ಸುದ್ದಿ, ಇಡೀ ಓಣಿಗೆ ಆಮಂತ್ರಣ ಇರುತ್ತದೆ, ಕದ್ದು ಹೋಗುವ ಬಸುರಿ ಇಲ್ಲ.

ಮೊದಲ ಕುಬಸವೇ ಎಡವಟ್ಟಾಯಿತು. ನಮ್ಮ ಹುಡುಗಿಯರು ಬಿ.ಪಿ. ಯಂತ್ರ ಹಿಡಿದು ಹೋದರು. ಬಸುರಿಗೆ ನೋಡಿ ಸುಮ್ಮನಾಗಬೇಕಿತ್ತು. ಅತ್ತೆ ತನಗೂ ನೋಡು ಎಂದು ಕೈಯೊಡ್ಡಿದಳು, ಅತ್ತೆಯ ಅಕ್ಕ, ಬೀಗತಿ, ನೆರೆಮನೆಯವರು ಸಾಲು ಹಚ್ಚಿದರು. ಅರ್ಧಕ್ಕರ್ಧ ಮಂದಿಗೆ ಬಿ.ಪಿ. ಹೆಚ್ಚು. ಹುಡುಗಿಯರು ಉಪ್ಪು ಬಿಡಿ, ಎಣ್ಣೆ ಬಿಡಿ ಎಂದು ಪಾಠ ಹೇಳಿದರು. ಪಂಕ್ತಿಗೆ ಕೂತವರು ಚಟ್ನಿ, ಉಪ್ಪಿನಕಾಯಿ, ಬಜ್ಜಿ ಮುಟ್ಟದೆ ಎದ್ದರು. ಮರುದಿನ ಆ ಮನೆಯ ಯಜಮಾನಿ ಬಸ್ಸು ಹತ್ತಿ ಕಾಲೇಜಿಗೇ ಬಂದಳು.

"ಬಾಯಾರ, ನಿಮ್ಮ ಹುಡುಗ್ಯಾರು ನನ್ನ ಕಾರ್ಯಕ್ಕ ಬಂದಿದ್ರೋ, ಕೆಡಸಾಕ ಬಂದಿದ್ರೋ? ಎರಡ ಬುಟ್ಟಿ ಬಜ್ಜಿ ಎಮ್ಮಿಗೆ ಹಾಕೀನ್ರಿ."

ನಾನು ಕ್ಷಮೆ ಕೇಳಿದೆ. ಅಂದಿನಿಂದ ಒಂದು ಪದ್ಧತಿ ಮಾಡಿದೆವು. ಕುಬಸಕ್ಕೆ ಹೋಗುವಾಗ ಯಂತ್ರ ಇಲ್ಲ. ಒಂದು ಕುಬಸದ ಕಣ, ಎಂದರೆ ರವಿಕೆಯ ಬಟ್ಟೆ, ಒಯ್ಯಬೇಕು, ಹಾಡಿಗೆ ದನಿ ಸೇರಿಸಬೇಕು, ಬಡಿಸಿದ್ದನ್ನು ಬಿಡದೆ ಉಣ್ಣಬೇಕು. ಮರುದಿನ ಬೆಳಿಗ್ಗೆ ಹೋಗಿ ರಕ್ತ, ಬಿ.ಪಿ. ನೋಡಿ, ತವರು ಯಾವ ಊರು ಕೇಳಿ, ಅಲ್ಲಿನ ಸಿಸ್ಟರಿಗೆ ಫೋನ್ ಮಾಡಬೇಕು.

ಇದಕ್ಕೂ ತಕರಾರು ಬಂತು. ಒಬ್ಬ ಹುಡುಗಿಯ ಅಪ್ಪ, ಕಿರಾಣಿ ವ್ಯಾಪಾರಿ, ನನ್ನ ಕೋಣೆಗೆ ಬಂದು ನಿಂತೇ ಮಾತಾಡಿದರು. "ನಮ್ಮ ಸವಿತಾ ನರ್ಸ್ ಆಗಾಕ ಬಂದಾಳ್ರಿ. ಮಂದಿ ಮನ್ಯಾಗ ಹೋಳಗಿ ಉಣ್ಣೂದನ್ನ ನಾವು ಮನ್ಯಾಗs ಕಲಿಸಿದ್ವಿ." ನಾನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಸವಿತಾ, "ಅಪ್ಪಾ, ಹೋದ ವಾರ ಉಂಡ ಮನಿ ಸೊಸೀಗೆ ರಕ್ತ ಅರ್ಧಾನೂ ಇರಲಿಲ್ಲ. ಆಕಿ ತವರೂರಿಗೆ ನಾನs ಫೋನ್ ಹಚ್ಚೇನಿ. ಇವತ್ತ ಆಕಿನ್ನ ದವಾಖಾನಿಗೆ ಹಾಕ್ಯಾರ" ಎಂದಳು. ಅವಳ ಅಪ್ಪ ನನ್ನ ಮುಖ, ಮಗಳ ಮುಖ ನೋಡಿ ಕೊನೆಗೆ ಕುರ್ಚಿಯಲ್ಲಿ ಕೂತರು. ಹೋಗುವಾಗ, "ಹೋಳಗಿ ಜ್ವಾಕಿಲೆ ಉಣ್ಣು, ನಿನಗ ತುಪ್ಪ ಆಗಿ ಬರಂಗಿಲ್ಲ" ಎಂದಷ್ಟೇ ಹೇಳಿದರು.

ನಮ್ಮ ಹುಡುಗಿಯರ ಕೆಲಸದ ಬಲದಿಂದಲೇ ಆ ವಿಷಯ ಕೊನೆಗೆ ಜಿಲ್ಲೆಯ ಒಂದು ಸಮಿತಿಯ ಮುಂದೆ ಬಂತು. ನಾನೂ ಅದರ ಸದಸ್ಯೆ. ದಿನವೆಲ್ಲ ಚರ್ಚೆ ನಡೆಯಿತು, ಮತ್ತೆ ಅದೇ ಎರಡು ಲೆಕ್ಕದ ಭಯ. ಇದೂ ಮುಂದಕ್ಕೆ ಹೋಯಿತು ಎಂದು ನಾನು ಕನ್ನಡಕ ಒಳಗಿಟ್ಟೆ. ಆಗ ಅಧ್ಯಕ್ಷರು, ಬಹಳ ಗಂಭೀರ ಮನುಷ್ಯ, ಚಹಾ ಕಲಕುತ್ತ ಪಕ್ಕದವರಿಗೆ, "ನಮ್ಮ ಸೊಸೀನೂ ಹೋದ ವಾರ ಸವದತ್ತಿಗೆ ಹೋದ್ಲು, ತವರಿಗೆ" ಎಂದರು. ಹೇಳಿದವರ ಚಮಚ ನಿಂತಿತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಮೇಡಂ, ಆಕಿ ಈಗ ಯಾರ ಲೆಕ್ಕದಾಗ ಅದಾಳ್ರಿ?"

"ಯಾರ ಲೆಕ್ಕದಾಗೂ ಇಲ್ರಿ ಸರ್" ಎಂದೆ. ಆ ಸಂಜೆಯೇ ಠರಾವು ಆಯಿತು. ಜಿಲ್ಲೆಯ ಎಲ್ಲ ಕೇಂದ್ರಗಳಿಗೂ ಹೋದ ಆ ಮಾರ್ಗಸೂಚಿಯ ಕರಡನ್ನು ನಾನೇ ಬರೆದೆ. ನಮ್ಮ ಸರಕಾರಿ ಕನ್ನಡದಲ್ಲಿ ಅದಕ್ಕೆ "ಫಲಾನುಭವಿಯ ತಾತ್ಕಾಲಿಕ ವರ್ಗಾವಣೆ" ಎಂದು ಹೆಸರಿಟ್ಟೆ. ಬರೆದು ಮುಗಿಸಿ ಎದ್ದು ಮನೆಗೆ ಬಂದು ನಮ್ಮ ಯಜಮಾನರ ಮುಂದೆ ಅತ್ತುಬಿಟ್ಟೆ. ಅಷ್ಟು ಸಂತೋಷ ನನಗೆ ಯಾವ ಹುದ್ದೆಯಿಂದಲೂ ಆಗಿರಲಿಲ್ಲ.

ಆದರೆ ಸವಿತಾ ಬಿಡಲಿಲ್ಲ. ಅವಳು ಓದು ಮುಗಿಸಿ ಎಂ.ಕೆ. ಹುಬ್ಬಳ್ಳಿ ಹತ್ತಿರದ ಉಪಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಸಕ್ಕರೆ ಕಾರ್ಖಾನೆ ಶುರುವಾದರೆ ಆ ಕಡೆಯ ಹೊಲಗಳಿಗೆ ದೂರದಿಂದ ಕಬ್ಬು ಕಡಿಯುವ ಗುಂಪುಗಳು ಬರುತ್ತವೆ. ಒಂದು ದಿನ ಫೋನ್ ಮಾಡಿ, "ಮೇಡಂ, ನಿಮ್ಮ ರೂಲು ತವರು ಇದ್ದವರಿಗಾತು. ಇಲ್ಲಿ ಗುಡಸಲದಾಗ ಲಕ್ಷ್ಮವ್ವ ಅಂತ ಒಬ್ಬಾಕಿ ಚೊಚ್ಚಲ ಬಸುರಿ ಅದಾಳ್ರಿ. ಅವ್ವ ಅಪ್ಪ ಇಬ್ರೂ ಇಲ್ಲ. ತವರೂರು ಯಾವುದಂತ ಕೇಳಿದ್ರ ಸುಮ್ಮನ ನೆಲಾ ನೋಡತಾಳ. ಆ ಜಾಗಾದಾಗ ಏನ ಬರೀಲ್ರಿ?" ಎಂದು ಕೇಳಿದಳು. ಇಷ್ಟು ವರ್ಷ ನಾನು ತವರು ಎಲ್ಲರಿಗೂ ಇರುತ್ತದೆ ಎಂದೇ ಬರೆದಿದ್ದೆ, ಕಲಿಸಿದ್ದೆ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುತ್ತಲೇ ಇದ್ದೆ. ಅಷ್ಟರಲ್ಲಿ ನಿವೃತ್ತಿಯಾಯಿತು.

ಕಬ್ಬಿನ ಹಂಗಾಮು ಮುಗಿಯುವ ದಿನಗಳಲ್ಲಿ ಸವಿತಾಳನ್ನು ನೋಡಿ ಬರೋಣವೆಂದು ಹೋದೆ. ಉಪಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಂತಿತ್ತು, ಗುಂಪು ಊರಿಗೆ ಹೊರಟಿತ್ತು. ಒಳಗೆ ಕುರ್ಚಿಯ ಮೇಲೆ ಹೊಸ ಸೀರೆ ಉಟ್ಟು ಒಬ್ಬ ಸಣ್ಣ ಹೆಣ್ಣುಮಗಳು ಕೂತಿದ್ದಳು. ಆಶಾ ಕಾರ್ಯಕರ್ತೆಯರು ಅವಳ ಉಡಿ ತುಂಬುತ್ತಿದ್ದರು. ಸವಿತಾ ಕುಬಸ ಮಾಡಿಸುತ್ತಿದ್ದಳು. ನನ್ನನ್ನು ಕಂಡು ತುಸು ನಾಚಿ, "ಲಕ್ಷ್ಮವ್ವ ಇವಳs ರಿ" ಎಂದಳು. ಗೋಡೆಗೆ ಆತು ನಿಂತಿದ್ದ ಲಕ್ಷ್ಮವ್ವನ ಅತ್ತೆ, ಕಬ್ಬಿನ ಗರಿ ಕೊಯ್ದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಲ್ಲವನ್ನೂ ಬೆರಗಾಗಿ ನೋಡುತ್ತಿದ್ದಳು.

ಉಡಿ ತುಂಬಿದ ಮೇಲೆ ಸವಿತಾ ಫೋನ್ ತೆಗೆದು ಬಿಜಾಪುರ ಕಡೆಯ, ಲಕ್ಷ್ಮವ್ವನ ಗಂಡನ ಊರಿನ ಸಿಸ್ಟರಿಗೆ ಹಚ್ಚಿದಳು. "ನಮಸ್ಕಾರ್ರಿ. ನಾವು ಲಕ್ಷ್ಮವ್ವನ ತವರಿನವರು ಮಾತಾಡಾಕತ್ತೇವಿ. ಹೌದ್ರಿ, ತವರಿನವರು. ಹುಡುಗಿನ್ನ ಇವತ್ತ ನಿಮ್ಮ ಊರಿಗೆ ಕಳಸಾಕತ್ತೇವಿ. ರಕ್ತ ಕಡಿಮಿ ಐತಿ, ಬಿ.ಪಿ. ವಾರಕ್ಕೊಮ್ಮೆ ನೋಡ್ರಿ. ನಾ ದಿನಾ ಫೋನ್ ಮಾಡತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ."

ನಾನು ಬಾಗಿಲಲ್ಲೇ ನಿಂತಿದ್ದೆ. ಲಕ್ಷ್ಮವ್ವ ಎದ್ದು ಎರಡು ಹೆಜ್ಜೆ ನಡೆದು, ತಿರುಗಿ ಸವಿತಾಳ ಹೆಗಲಿಗೆ ತಲೆಯಿಟ್ಟು ಅತ್ತಳು. ತವರು ಬಿಟ್ಟು ಹೋಗುವ ಎಲ್ಲ ಹೆಣ್ಣುಮಕ್ಕಳೂ ಅಳುವಂತೆಯೇ ಅತ್ತಳು. "ಗುಳಿಗಿ ಮರೀಬ್ಯಾಡ" ಎಂದು ಸವಿತಾ ಗದರಿದಳು. ಸೊಸೆಯನ್ನು ಟ್ರ್ಯಾಕ್ಟರ್ ಹತ್ತಿಸಿ ಅತ್ತೆ ಹಿಂದಿರುಗಿ ಬಂದಳು. ಇನ್ನೂ ಮದುವೆಯಾಗದ, ತನ್ನ ಮಗಳ ವಯಸ್ಸಿನ ನಮ್ಮ ಸವಿತಾಳ ಮುಂದೆ ಎರಡೂ ಕೈ ಜೋಡಿಸಿದಳು.

"ಹೋಗಿ ಬರ್ತೇವ್ರಿ, ಬೀಗರ" ಎಂದಳು.